ಮಗುವಿನ ‘ಹೌದು’ ಎಷ್ಟರ ಮಟ್ಟಿಗೆ ಹೌದು?

ಮನೋವಿಜ್ಞಾನಿಗಳಾದ ಹ್ಯಾನ್ಸ್ ಐಸೆಂಕ್ ಮತ್ತು ಸಿಬಿಲ್ ಐಸೆಂಕ್ 1975ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ವ್ಯಕ್ತಿತ್ವ ಪ್ರಶ್ನಾವಳಿಯ ಕಿರಿಯರ ಆವೃತ್ತಿಯಲ್ಲಿ 81 ಪ್ರಶ್ನೆಗಳಿವೆ. 7ರಿಂದ 15 ವರ್ಷದ ಮಕ್ಕಳು ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂದು ಗುರುತು ಹಾಕಿದರೆ ಬಹಿರ್ಮುಖತೆ, ಭಾವನಾತ್ಮಕ ಅಸ್ಥಿರತೆ, ಕಠೋರ ಮನೋಭಾವ ಎಂಬ ಮೂರು ಗುಣಗಳ ಅಂಕಗಳೂ ‘ಸುಳ್ಳಿನ ಮಾಪಕ’ವೆಂಬ ನಾಲ್ಕನೆಯದೊಂದು ಅಂಕವೂ ದೊರೆಯುತ್ತವೆ. ಇಂತಹ ಪ್ರಶ್ನಾವಳಿಯನ್ನು ಟರ್ಕಿಯ ಅಂಕಾರಾದಲ್ಲೋ ಇಜ್ಮಿರ್‌ನಲ್ಲೋ ಓದುವ ಮಕ್ಕಳಿಗೆ ಕೊಡುವ ಮುನ್ನ ಒಬ್ಬರು ಅದನ್ನು ಟರ್ಕಿಶ್ ಭಾಷೆಗೆ ತರುತ್ತಾರೆ, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ತಿರುಗಿಸುತ್ತಾರೆ, ಎರಡನ್ನೂ ಹೋಲಿಸಿ ತಿದ್ದಲಾಗುತ್ತದೆ. ಇಲ್ಲಿಗೆ ಭಾಷೆಯ ಕೆಲಸ ಮುಗಿಯಿತೇ ಹೊರತು ಮಾಪಕದ ಪರೀಕ್ಷೆ ಇನ್ನೂ ಆರಂಭವಾಗಿರುವುದಿಲ್ಲ.

ಮೊದಲು ನೋಡುವುದು ಒಂದೇ ಗುಣದ ಪ್ರಶ್ನೆಗಳಿಗೆ ಬಂದ ಉತ್ತರಗಳು ಪರಸ್ಪರ ಹೊಂದುತ್ತವೆಯೇ ಎಂಬುದನ್ನು. ಈ ಹೊಂದಿಕೆಯನ್ನು ಅಳೆಯಲು ಮನೋವಿಜ್ಞಾನಿ ಲೀ ಕ್ರೋನ್‌ಬಾಕ್ 1951ರಲ್ಲಿ ವಿವರಿಸಿದ ‘ಆಲ್ಫಾ’ ಎಂಬ ಅಂಕಿ 0.70 ದಾಟಿದರೆ ಸಾಮಾನ್ಯವಾಗಿ ತೃಪ್ತಿಕರವೆನ್ನುತ್ತಾರೆ. ಆದರೆ ಪ್ರಶ್ನೆಗಳ ಸಂಖ್ಯೆ ಹೆಚ್ಚಿಸಿದರೂ, ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದರೂ ಅದು ಏರುತ್ತದೆ. ಈ ಒಂದು ಅಂಕಿಯನ್ನು ತೋರಿಸಿ ಮಾಪಕ ಸಿದ್ಧವಾಯಿತೆನ್ನುವ ವರದಿಗಳನ್ನು ಅನುಮಾನದಿಂದಲೇ ಓದಬೇಕು.

ನಿಜವಾದ ತೊಡಕು ಸುಳ್ಳಿನ ಮಾಪಕದಲ್ಲಿದೆ. ದೊಡ್ಡವರು ಹೇಳಿದ್ದನ್ನು ಯಾವಾಗಲೂ ತಕ್ಷಣ ಮಾಡುತ್ತೀಯಾ ಎಂಬಂತಹ ಪ್ರಶ್ನೆಗೆ ‘ಹೌದು’ ಎಂದ ಮಗು ತನ್ನನ್ನು ಇರುವುದಕ್ಕಿಂತ ಒಳ್ಳೆಯದಾಗಿ ತೋರಿಸಿಕೊಳ್ಳುತ್ತಿದೆ ಎಂಬುದು ಇದರ ಹಿಂದಿನ ತರ್ಕ. ಟರ್ಕಿಯ ಮಕ್ಕಳು ಶಿಕ್ಷಕರನ್ನು ‘ಓರೆತ್ಮೆನಿಮ್’, ಅಂದರೆ ‘ನನ್ನ ಗುರುಗಳೇ’ ಎಂದು ಕರೆಯುತ್ತಾರೆ. ಅದೇ ಗುರುಗಳು ಹಾಳೆ ಹಂಚಿ ಮೇಜುಗಳ ನಡುವೆ ಓಡಾಡುತ್ತಿರುವಾಗ, ಇದೂ ಒಂದು ಪರೀಕ್ಷೆಯೆಂದು ಭಾವಿಸಿದ ಎಂಟು ವರ್ಷದ ಮಗು ‘ಇಲ್ಲ’ಕ್ಕೆ ಗುರುತು ಹಾಕುವುದು ಸುಲಭವೇ? ಚಿಕ್ಕ ಮಕ್ಕಳಲ್ಲಿ ಈ ಅಂಕ ಹೆಚ್ಚಿದ್ದು ವಯಸ್ಸಾದಂತೆ ಇಳಿಯುತ್ತದೆಂಬುದು ಚಿರಪರಿಚಿತ ಸಂಗತಿ. ಇದನ್ನು ಸುಳ್ಳೆನ್ನುವುದಕ್ಕಿಂತ ವಿಧೇಯತೆಯ ಮೇಲಿನ ನಂಬಿಕೆಯೆನ್ನುವುದೇ ನನಗೆ ಹೆಚ್ಚು ಸರಿಯೆನಿಸುತ್ತದೆ. ಹಾಗಾಗಿ ತರಗತಿಯ ಶಿಕ್ಷಕರಲ್ಲದವರು, ಹೆಸರು ಬರೆಸದೆ, ಹಾಳೆ ತುಂಬಿಸುವುದು ಲೇಸು.

ಹೀಗೆ ದೊರೆತ ಉತ್ತರಗಳು ಇಂಗ್ಲೆಂಡಿನ ಮಕ್ಕಳಲ್ಲಿ ಕಂಡ ನಾಲ್ಕು ಗುಂಪುಗಳಾಗಿಯೇ ಕೂಡಿಕೊಳ್ಳುತ್ತವೆಯೇ ಎಂಬುದನ್ನು, ಯಾವ ಪ್ರಶ್ನೆಗಳ ಉತ್ತರಗಳು ಒಟ್ಟೊಟ್ಟಿಗೆ ಬರುತ್ತವೆಂದು ಲೆಕ್ಕಹಾಕುವ ಅಂಶ ವಿಶ್ಲೇಷಣೆ ಹೇಳುತ್ತದೆ. ಕಠೋರ ಮನೋಭಾವದ ಪ್ರಶ್ನೆಗಳು ಹಲವು ದೇಶಗಳಲ್ಲಿ ಸಡಿಲವಾಗಿಯೇ ಉಳಿದಿವೆ. ಆಮೇಲೆ ಹುಡುಗ-ಹುಡುಗಿಯರಲ್ಲಿ, ಬೇರೆ ಬೇರೆ ವಯಸ್ಸಿನವರಲ್ಲಿ ಅದೇ ರಚನೆ ಉಳಿಯುತ್ತದೆಯೇ ಎಂದು ನೋಡಬೇಕು. ಬರ್ಲಿನ್ನಿನಲ್ಲಿ ಜರ್ಮನ್ ಶಾಲೆಗೆ ಹೋಗುತ್ತ ಮನೆಯಲ್ಲಿ ಟರ್ಕಿಶ್ ಆಡುವ ಮಗುವಿಗೆ ಅಂಕಾರಾದ ಸರಾಸರಿಯನ್ನು ಅನ್ವಯಿಸಬೇಕಾದರೆ ಆ ಮಕ್ಕಳಲ್ಲೂ ಇದೇ ತಪಾಸಣೆಯನ್ನು ಪ್ರತ್ಯೇಕವಾಗಿ ನಡೆಸಬೇಕಾಗುತ್ತದೆ.