2>&1 ಎಲ್ಲಿ ಬರೆಯಬೇಕು?

ಕಳೆದ ತಿಂಗಳು ನಮ್ಮ ತಂಡದ ಹುಡುಗನೊಬ್ಬ ಬಂದು, "ಸರ್, ರಾತ್ರಿ ಬ್ಯಾಕಪ್ ಆಗ್ತಾನೇ ಇಲ್ಲ. ಲಾಗ್ ನೋಡಿದ್ರೆ ಒಂದು ಎರರ್ ಕೂಡ ಇಲ್ಲ" ಅಂದ. ಹೇಳಿದ ಹೊತ್ತಿಗೆ ಕಮಾಂಡ್ ನಡೆಸುವ ಕ್ರಾನ್‌ನಲ್ಲಿ ಅವನು ಬರೆದಿದ್ದ ಸಾಲು ಹೆಚ್ಚುಕಮ್ಮಿ ಹೀಗಿತ್ತು:

ಬ್ಯಾಕಪ್ 2>&1 >> ಲಾಗ್

ನೋಡೋಕೆ ಏನೂ ತಪ್ಪಿಲ್ಲ, ಅಲ್ವಾ? ಎರರ್, ಔಟ್‌ಪುಟ್ ಎರಡನ್ನೂ ಸೇರಿಸಿ ಲಾಗ್‌ಗೆ ಹಾಕು ಅಂತ ನಾವು ಓದಿಕೊಳ್ಳುತ್ತೇವೆ. ಆದರೆ ಕಮಾಂಡನ್ನು ಓದಿ ನಡೆಸುವ ಪ್ರೋಗ್ರಾಂ, ಅಂದರೆ ಶೆಲ್, ಹಾಗೆ ಓದುವುದಿಲ್ಲ.

ಕಮಾಂಡ್ ಶುರುವಾಗುವಾಗ ಅದಕ್ಕೆ ಮೂರು ನಂಬರ್ ಸಿಗುತ್ತವೆ. 0 ಇನ್‌ಪುಟ್, 1 ಮಾಮೂಲಿ ಔಟ್‌ಪುಟ್, 2 ಎರರ್. > ಅಂದರೆ ಫೈಲಿಗೆ ಕಳಿಸು, >> ಅಂದರೆ ಫೈಲಿನ ಕೊನೆಗೆ ಸೇರಿಸು. ಸುಮ್ನೆ > ಅಂತ ಬರೆದರೂ ಅದು 1> ಅಂತಲೇ ಲೆಕ್ಕ. 2 ಇದ್ದಲ್ಲೇ ಇರುತ್ತದೆ. ಔಟ್‌ಪುಟ್ಟನ್ನು ಫೈಲಿಗೆ ಕಳಿಸಿದ ಮೇಲೂ ಎರರ್ ಮಾತ್ರ ಟರ್ಮಿನಲ್‌ನಲ್ಲಿ ಬಂದು ಕೂರುವುದು ಇದಕ್ಕೇ.

ಇನ್ನು 2>&1. ಇದು 2ನ್ನು 1ಕ್ಕೆ ಕಟ್ಟಿಹಾಕುತ್ತದೆ ಅಂದುಕೊಂಡವರೇ ಜಾಸ್ತಿ. ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಅದು ಹೇಳುವುದು ಇಷ್ಟೇ: 1 ಈ ಗಳಿಗೆಯಲ್ಲಿ ಎಲ್ಲಿಗೆ ಹೋಗುತ್ತಿದೆಯೋ, 2 ಕೂಡ ಅಲ್ಲಿಗೇ ಹೋಗಲಿ. ಆಮೇಲೆ 1 ದಾರಿ ಬದಲಿಸಿದರೆ 2 ಅದರ ಹಿಂದೆ ಓಡುವುದಿಲ್ಲ. ಶೆಲ್ ಇವನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಮಾಡುತ್ತಾ ಹೋಗುತ್ತದೆ. ಹುಡುಗನ ಸಾಲಿನಲ್ಲಿ 2>&1 ಸರದಿ ಬಂದಾಗ 1 ಇನ್ನೂ ಕ್ರಾನ್ ಕಡೆಗೇ ಇತ್ತು. 2 ಕೂಡ ಅತ್ತಲೇ ಹೋಯಿತು. ಆಮೇಲೆ 1 ಮಾತ್ರ ಲಾಗ್ ಕಡೆ ತಿರುಗಿತು. ಹಿಂದುಮುಂದು ಮಾಡಿದರೆ ಸರಿ:

ಬ್ಯಾಕಪ್ >> ಲಾಗ್ 2>&1

"&> ಅಂತ ಚಿಕ್ಕದಾಗಿ ಬರೆದ್ರೆ ಆಗಲ್ವಾ ಸರ್?" ಅಂತ ಕೇಳಿದ. ಬ್ಯಾಶ್ ಅನ್ನೋ ಶೆಲ್‌ನಲ್ಲಿ ಧಾರಾಳವಾಗಿ ಆಗುತ್ತದೆ. ಆದರೆ ಉಬುಂಟು, ಡೆಬಿಯನ್ ಲಿನಕ್ಸ್‌ಗಳಲ್ಲಿ ಕ್ರಾನ್ ಕರೆಯುವ ಶೆಲ್ ಡ್ಯಾಶ್. ಅದಕ್ಕೆ & ಕಂಡರೆ ಅಲ್ಲಿಗೆ ಕಮಾಂಡ್ ಮುಗಿಯಿತು. ಅದನ್ನು ಬ್ಯಾಕ್‌ಗ್ರೌಂಡಿಗೆ ತಳ್ಳುತ್ತದೆ. ಉಳಿದ > ಲಾಗ್ ಬೇರೆಯೇ ಕಮಾಂಡ್ ಅಂದುಕೊಂಡು ಫೈಲನ್ನು ಖಾಲಿ ಮಾಡಿಡುತ್ತದೆ. ಎರರ್ ಅಂತ ಒಂದು ಮಾತೂ ಹೇಳುವುದಿಲ್ಲ!

ಸರಿ, ಹುಡುಗನ ಎರರ್ ಎಲ್ಲಿಗೆ ಹೋಗಿತ್ತು? ಕ್ರಾನ್ ತನ್ನ ಕೈಗೆ ಬಂದದ್ದನ್ನೆಲ್ಲ ಮೇಲ್ ಮಾಡುತ್ತದೆ. ಯಾರೂ ತೆರೆಯದ ಸರ್ವರಿನ ಮೇಲ್‌ಬಾಕ್ಸನ್ನು ಇಬ್ಬರೂ ಕೂತು ತೆರೆದೆವು. ದಿನಕ್ಕೊಂದರಂತೆ ಮೇಲ್ ಬಿದ್ದಿದ್ದವು. ಎಲ್ಲದರಲ್ಲೂ ಒಂದೇ ಮಾತು: ಬ್ಯಾಕಪ್ ಡಿಸ್ಕಿನಲ್ಲಿ ಜಾಗ ಇಲ್ಲ.