ಓಟಕ್ಕೂ ಒಂದು ಡೋಸ್ ಐತಿ

ನಸುಕಿನ್ಯಾಗ ವಿಜಯಪುರದ ಗ್ರೌಂಡಿಗೆ ಹೋದ್ರ ಪೊಲೀಸ್ ಭರ್ತಿಗಂತ 1600 ಮೀಟರ್ ಓಡೋ ಹುಡುಗ್ರು ಸಿಗ್ತಾರ, ಅದ ಟೈಮಿಗೆ ನಮ್ಮ ಕಾಕಾನ ಮಗ ಚಾದರ ಹೊಚ್ಚಿಕೊಂಡು ಗ್ವಾಡಿ ಕಡೆ ಮಾರಿ ಮಾಡಿ ಮಲಗಿರ್ತಿದ್ದ. ಎರಡು ಸಲ ಪರೀಕ್ಷಾ ಫೇಲ್ ಆಗಿತ್ತು ಖರೆ, ಆದ್ರ ಅದೊಂದ ಅಲ್ಲ, ಊಟ ಸೇರ್ತಿರಲಿಲ್ಲ, ಗೆಳ್ಯಾರ ಫೋನೂ ಎತ್ತತಿರಲಿಲ್ಲ. ಮನೋವೈದ್ಯರು ಖಿನ್ನತೆ ಅಂತ ಹೇಳಿ, ಗುಳಿಗಿ ಬರೆದು ಜೋಡಿಗೆ "ವಾರಕ್ಕ ನಾಕು ದಿನ ಜೋರ್ ನಡಿ" ಅಂತನೂ ಬರೆದ್ರು. ಕಾಕಾ ಹೊರಗ ಬಂದು, ನಡಿ ಅನ್ನಾಕ ಫೀಸ್ ಕೊಡಬೇಕೇನ್ ಅಂದ.

ಕೊಡಬೇಕು ಕಾಕಾ. 1999ರಾಗ ಅಮೆರಿಕಾದ ಡ್ಯೂಕ್ ಯೂನಿವರ್ಸಿಟಿಯ ಬ್ಲೂಮೆಂಥಾಲ್ ತಂಡ ಖಿನ್ನತೆ ಇದ್ದ 156 ಮಂದಿನ ಮೂರು ಗುಂಪು ಮಾಡಿ, ಒಂದಕ್ಕ ಖಿನ್ನತೆಗೆ ಕೊಡೋ ಸರ್ಟ್ರಾಲಿನ್ ಗುಳಿಗಿ, ಒಂದಕ್ಕ ಏರೋಬಿಕ್ ವ್ಯಾಯಾಮ (ಜೋರ್ ನಡಿಗಿ, ಓಟದಂಥ ಉಸಿರು ಏರಿಸೋ ವ್ಯಾಯಾಮ), ಒಂದಕ್ಕ ಎರಡೂ ಕೊಟ್ಟು 16 ವಾರ ನೋಡಿತು, ಕಡೀಕ ಮೂರೂ ಗುಂಪು ಹೆಚ್ಚುಕಡಿಮಿ ಅಷ್ಟಷ್ಟ ಸುಧಾರಿಸಿದ್ವು, ಗುಳಿಗಿ ಮಾತ್ರ ಸ್ವಲ್ಪ ಲಗೂ ಹತ್ತಿತ್ತು. ಆದ್ರ ಅವ್ರೆಲ್ಲಾ 50 ದಾಟಿದವ್ರು. ಹರೇದವ್ರಿದ್ದ ಅಧ್ಯಯನ ಅಂದ್ರ 2005ರದ್ದು, 20ರಿಂದ 45 ವಯಸ್ಸಿನವ್ರ ಮ್ಯಾಲೆ 12 ವಾರ, ಮತ್ತ ಅದು ಡೋಸ್ ಅಳೀತು: ಆರೋಗ್ಯಕ್ಕ ಶಿಫಾರಸು ಮಾಡಿದಷ್ಟು ಪೂರಾ ಡೋಸ್ ವ್ಯಾಯಾಮದಾಗ ಲಕ್ಷಣ 47% ಇಳಿದ್ವು, ಕಡಿಮಿ ಡೋಸಿಗೆ 30%, ಬರೇ ಮೈ ಸಡಿಲ ಮಾಡಿದವ್ರಿಗೆ 29%. ಅಂದ್ರ ಈ ಅಧ್ಯಯನದಾಗ ಕಡಿಮಿ ಡೋಸಿಗೂ ಬರೇ ಮೈ ಸಡಿಲ ಮಾಡೂದಕ್ಕೂ ಫರಕ್ ಇರಲಿಲ್ಲ! ವಾರದಾಗ ಮೂರು ದಿನ ಮಾಡಲಿ ಐದು ದಿನ ಮಾಡಲಿ ಫರಕ್ ಕಾಣಲಿಲ್ಲ, ವಾರಕ್ಕ ಒಟ್ಟು ಎಷ್ಟು ಶಕ್ತಿ ಖರ್ಚಾತು ಅನ್ನೂದ ಮುಖ್ಯ.

ಹ್ಯಾಂಗ್ ಕೆಲಸ ಮಾಡ್ತೈತಿ? ಎಲ್ಲಾರೂ ಎಂಡಾರ್ಫಿನ್ ಅಂತಾರ, ಖರೆ ರಕ್ತದಾಗಿನ ಎಂಡಾರ್ಫಿನ್ ಮಿದುಳಿಗೆ ಸರಳ ದಾಟೂದಿಲ್ಲ. ನರಕೋಶ ಬದುಕಾಕ, ಹೊಸ ಕೊಂಡಿ ಹಾಕಾಕ ಬೇಕಾದ ಬಿಡಿಎನ್ಎಫ್ ಪ್ರೋಟೀನ್ ವ್ಯಾಯಾಮದಿಂದ ಏರ್ತೈತಿ ಅನ್ನೂದರ ಮ್ಯಾಲೆ ವಿಜ್ಞಾನಿಗಳ ಕಣ್ಣೈತಿ.

ತ್ರಾಸ ಬ್ಯಾರೆ ಕಡೆ ಐತಿ. ಏಳೋ ಮನಸ್ಸನ್ನ ಕಸಗೊಳ್ಳೋದ ಈ ಬ್ಯಾನಿ, ಅಂಥಾವಂಗ "ಓಡು ಹೋಗೋ" ಅಂದ್ರ ಕಾಲು ಮುರಿದವಂಗ ಮೆಟ್ಟಲ ಹತ್ತು ಅಂದಂಗ. ನಮ್ಮ ಹುಡುಗ ಮೊದಲನೇ ದಿನ ಚಪ್ಪಲಿ ಹಾಕ್ಕೊಂಡು ಗೇಟ್ ತನಕ ಹೋಗಿ ವಾಪಸ್ ಬಂದ, ಅಷ್ಟ. ಮರುದಿನದಿಂದ ಕಾಕಾನೂ ಜೋಡಿ ಹೊಂಟ, ಗೋಳಗುಮ್ಮಟದ ಕಡೆ. (ಸಾಯೋ ವಿಚಾರ ಬರಾಕತ್ತಿದ್ರ ನಡಿಗಿ ಮಾತು ಆಮ್ಯಾಲೆ, ಮೊದಲ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ಚರಿ, ಪುಕ್ಕಟ ಐತಿ, ಕನ್ನಡದಾಗ ಮಾತಾಡ್ತಾರ.)

ಸ್ಪೀಡ್ ಎಷ್ಟಿರಬೇಕು ಅನ್ನಾಕ ಯಂತ್ರ ಬ್ಯಾಡ, ನಡೀವಾಗ ಮಾತಾಡಾಕ ಬರಬೇಕು, ಹಾಡಾಕ ಬರಬಾರದು. ಕಾಕಾ ಭಜನಿ ಶುರು ಮಾಡಿದ ಕೂಡ್ಲೆ ಹುಡುಗ ತಿರುಗಿ, "ಅಪ್ಪಾ, ಹಾಡ ಬಂತು, ಜೋರ್ ನಡಿ" ಅಂತಾನ. ಗುಳಿಗಿ ಇನ್ನೂ ನಡದಾವು.