ಜಾಹೀರಾತೇ ಇಲ್ಲದ ಅಡುಗೆ ಚಾನೆಲ್‌ಗೆ ದುಡ್ಡು ಎಲ್ಲಿಂದ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದೆವು. ಅಲ್ಲಿ 'ಕ್ರಿಯೇಟ್' ಅಂತ ಒಂದು ಚಾನೆಲ್. ಹೊತ್ತು ಹೊತ್ತಿಗೂ ಅಡುಗೆ, ಪ್ರವಾಸ, ಕೈತೋಟ, ಹೊಲಿಗೆ, ಮರಗೆಲಸ ಇವೇ. ಕಾರ್ಯಕ್ರಮದ ಮಧ್ಯೆ ಒಂದೇ ಒಂದು ಜಾಹೀರಾತು ಇಲ್ಲ. ಸರ್ಕಾರದ ಚಾನೆಲ್ ಇರಬೇಕು ಅಂದರೆ ಅಳಿಯಂದಿರು ಅಲ್ಲ ಅನ್ನುತ್ತಾರೆ. ಹಾಗಾದರೆ ಖರ್ಚು ಯಾರದು?

ಉತ್ತರ: ಅಳಿಯಂದಿರು ಹೇಳಿದ್ದು ಸರಿ. ಅಮೆರಿಕಕ್ಕೆ ಹೋಗಿಬಂದ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ನಾವೆಲ್ಲ ದೂರದರ್ಶನ ನೋಡಿ ಬೆಳೆದವರು, ಖಾಸಗಿ ಅಲ್ಲದ್ದೆಲ್ಲ ಸರ್ಕಾರದ್ದೇ ಅಂದುಕೊಳ್ಳುವುದು ಸಹಜ. ಆ ದೂರದರ್ಶನ ಕೂಡ 1976ರಿಂದಲೇ ಜಾಹೀರಾತು ತೆಗೆದುಕೊಳ್ಳುತ್ತಿದೆ.

ಅಮೆರಿಕದ ಪಬ್ಲಿಕ್ ಟಿವಿಗೆ ದೆಹಲಿಯಂಥ ಒಂದು ಯಜಮಾನಿಕೆ ಇಲ್ಲ. ಒಂದೊಂದು ಊರಿನ ಸ್ಟೇಷನ್ನೂ ಸ್ವತಂತ್ರ. ಒಂದನ್ನು ವಿಶ್ವವಿದ್ಯಾಲಯ ನಡೆಸುತ್ತದೆ, ಇನ್ನೊಂದನ್ನು ರಾಜ್ಯದ ಸಂಸ್ಥೆ, ಮತ್ತೊಂದನ್ನು ಊರಿನವರೇ ಕಟ್ಟಿಕೊಂಡ ಲಾಭದ ಉದ್ದೇಶವಿಲ್ಲದ ಸಂಸ್ಥೆ. ಪಿಬಿಎಸ್ ಅನ್ನುವುದು 1970ರಲ್ಲಿ ಪ್ರಸಾರ ಶುರು ಮಾಡಿದ ಇವರ ಜಾಲ. ನೀವು ನೋಡಿದ ಕ್ರಿಯೇಟ್ 2006ರಲ್ಲಿ ಶುರುವಾಯಿತು. ಅದನ್ನು ದೇಶದ ಸ್ಟೇಷನ್‌ಗಳಿಗೆ ಹಂಚುವುದು ಬಾಸ್ಟನ್‌ನ ಅಮೆರಿಕನ್ ಪಬ್ಲಿಕ್ ಟೆಲಿವಿಷನ್.

ಇನ್ನು ದುಡ್ಡಿನ ವಿಷಯ. ಸ್ಟೇಷನ್ ನಡೆಸುವ ಖರ್ಚು ಬೇರೆ, ಕಾರ್ಯಕ್ರಮ ತಯಾರಿಸುವ ಖರ್ಚು ಬೇರೆ. ಗೊಂದಲ ಆಗುವುದೇ ಇವೆರಡನ್ನೂ ಒಂದು ಮಾಡಿದಾಗ.

ಸ್ಟೇಷನ್ನಿನ ಕರೆಂಟು, ಟವರ್, ಸಂಬಳಕ್ಕೆ ದೊಡ್ಡ ಆಸರೆ ನೋಡುಗರ ದೇಣಿಗೆ. ವರ್ಷದಲ್ಲಿ ಕೆಲವು ಸಲ ಕಾರ್ಯಕ್ರಮ ನಿಲ್ಲಿಸಿ, ನಿರೂಪಕರು ಕ್ಯಾಮೆರಾ ಮುಂದೆ ನಿಂತು ಸದಸ್ಯರಾಗಿ ಎಂದು ಕೇಳಿಕೊಳ್ಳುತ್ತಾರೆ. ಕೊಟ್ಟವರಿಗೆ ಒಂದು ಕಾಫಿ ಮಗ್, ಒಂದು ಬಟ್ಟೆ ಚೀಲ. ನಿಮ್ಮ ಮಗಳ ಅಡುಗೆಮನೆಯಲ್ಲೂ ಅಂಥ ಚೀಲ ನೇತಾಡುತ್ತಿದ್ದಿರಬಹುದು. ಇದರ ಜೊತೆಗೆ ಕೇಂದ್ರ ಸರ್ಕಾರದ ಹಣವೂ ಇತ್ತು. ಅಧ್ಯಕ್ಷ ಲಿಂಡನ್ ಜಾನ್ಸನ್ 1967ರಲ್ಲಿ ಸಹಿ ಹಾಕಿದ ಕಾನೂನಿನಿಂದ ಹುಟ್ಟಿದ ಕಾರ್ಪೊರೇಷನ್ ಫಾರ್ ಪಬ್ಲಿಕ್ ಬ್ರಾಡ್‌ಕಾಸ್ಟಿಂಗ್ ಆ ಹಣವನ್ನು ಸ್ಟೇಷನ್‌ಗಳಿಗೆ ಹಂಚುತ್ತಿತ್ತು. ಒಟ್ಟು ಆದಾಯದಲ್ಲಿ ಅದು ಸರಾಸರಿ ಶೇ. 15ರಷ್ಟು. ದೊಡ್ಡ ನಗರದವರಿಗೆ ಅದು ಸಣ್ಣ ಪಾಲು, ಹಳ್ಳಿಗಾಡಿನ ಸ್ಟೇಷನ್‌ಗಳಿಗೆ ಜೀವಾಳ. 2025ರ ಜುಲೈನಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಎರಡು ವರ್ಷಕ್ಕೆಂದು ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರ್ ವಾಪಸ್ ಪಡೆಯಿತು. ಮುಂದಿನ ತಿಂಗಳೇ ಆ ಸಂಸ್ಥೆ ಕೆಲಸ ನಿಲ್ಲಿಸುವುದಾಗಿ ಪ್ರಕಟಿಸಿತು.

ಆದರೆ ನೀವು ನೋಡಿದ ಅಡುಗೆ, ಹೊಲಿಗೆ, ಪ್ರವಾಸದ ಕಾರ್ಯಕ್ರಮಗಳಲ್ಲಿ ಬಹಳಷ್ಟಕ್ಕೆ ಬಂಡವಾಳ ಹೊಂದಿಸುವವರು ಅದನ್ನು ತಯಾರಿಸುವವರೇ. ಎಷ್ಟೋ ಕಾರ್ಯಕ್ರಮ ಸ್ಟೇಷನ್‌ಗಳಿಗೆ ಪುಕ್ಕಟೆ ಸಿಗುತ್ತದೆ. ಗುಂಗುರು ಕೂದಲಿನ ಚಿತ್ರಕಾರ ಬಾಬ್ ರಾಸ್ ಅವರನ್ನು ನೀವು ಖಂಡಿತ ನೋಡಿರುತ್ತೀರಿ. 1983ರಿಂದ 1994ರವರೆಗೆ 403 ಕಂತು ಮಾಡಿದರು. ಅದರಲ್ಲಿ ಹೆಚ್ಚಿನವು ಇಂಡಿಯಾನಾದ ಮನ್ಸಿ ಎಂಬ ಊರಿನಲ್ಲಿ, ಹಳೇ ಮನೆಯೊಂದರಲ್ಲಿದ್ದ ಸ್ಟುಡಿಯೋದಲ್ಲಿ ಆದವು. ಹಿಂದೆ ಕಪ್ಪು ಪರದೆ, ಮುಂದೆ ಒಂದು ಕ್ಯಾನ್ವಾಸು, ಅಷ್ಟೇ. ಹಸಿ ಬಣ್ಣದ ಮೇಲೇ ಹಸಿ ಬಣ್ಣ ಹಚ್ಚುತ್ತಾ ಅರ್ಧ ಗಂಟೆಯೊಳಗೆ ಬೆಟ್ಟ, ಕೆರೆ, ಮರ ಎಲ್ಲ ಮುಗಿಸುತ್ತಿದ್ದರು. ಅದೇ ಚಿತ್ರವನ್ನು ಒಟ್ಟು ಮೂರು ಸಲ ಬರೆಯುವುದು ಅವರ ಕ್ರಮ: ನೋಡಿಕೊಳ್ಳಲು ಮೊದಲೇ ಒಂದು, ಕ್ಯಾಮೆರಾ ಮುಂದೆ ಒಂದು, ಪುಸ್ತಕದಲ್ಲಿ ಅಚ್ಚು ಹಾಕಲು ಆಮೇಲೆ ಸಾವಧಾನವಾಗಿ ಇನ್ನೊಂದು. ಟಿವಿಯಿಂದ ಅವರು ಸಂಭಾವನೆ ಪಡೆಯಲಿಲ್ಲ. ಕಲಿತವರು ಕೊಳ್ಳುವ ಬಣ್ಣ, ಕುಂಚ, ಪುಸ್ತಕ, ತರಗತಿಗಳಿಂದ ಅವರ ಕಂಪನಿ ನಡೆಯಿತು.

ಪ್ರವಾಸದ ರಿಕ್ ಸ್ಟೀವ್ಸ್ ಕೂಡ ಹೀಗೆಯೇ. ಯುರೋಪಿನ ಕಂತುಗಳನ್ನು ಸ್ಟೇಷನ್‌ಗಳಿಗೆ ಉಚಿತವಾಗಿ ಕೊಡುತ್ತಾರೆ, ಜೀವನ ನಡೆಯುವುದು ಮಾರ್ಗದರ್ಶಿ ಪುಸ್ತಕ ಮತ್ತು ಪ್ರವಾಸಿ ಗುಂಪುಗಳಿಂದ. 1982ರಿಂದ 2017ರವರೆಗೆ ಹೊಲಿಗೆ ಹೇಳಿಕೊಟ್ಟ ನ್ಯಾನ್ಸಿ ಝೀಮನ್ ಅವರಿಗೆ ಹೊಲಿಗೆ ಸಾಮಾನಿನ ಅಂಚೆ ವ್ಯಾಪಾರವಿತ್ತು. ಇದು ಸುತ್ತುಬಳಸಿನ ಜಾಹೀರಾತು ಅಲ್ಲವೇ ಎಂದು ನೀವು ಕೇಳಬಹುದು. ಒಂದು ಮಟ್ಟಿಗೆ ಹೌದು. ಆದರೂ ಆ ಅರ್ಧ ಗಂಟೆಯಲ್ಲಿ ವಿದ್ಯೆ ಪೂರ್ತಿ ಕೈಗೆ ಸಿಗುತ್ತದೆ. ಏನನ್ನೂ ಕೊಳ್ಳದವರೂ ಕಾಲರ್ ಕೂರಿಸುವುದನ್ನು ಕಲಿತೇ ಏಳುತ್ತಾರೆ. ನನಗೆ ಇದು ಒಪ್ಪಿತವಾದ ವ್ಯವಹಾರ.

ಮೂರನೆಯವರು ಕಂಪನಿಗಳು. ಕಾರ್ಯಕ್ರಮದ ಮೊದಲು ಮತ್ತು ಕೊನೆಯಲ್ಲಿ ಕೆಲವು ಸೆಕೆಂಡು ಹೆಸರು ಬರುತ್ತದಲ್ಲ, ಅವರು. ಅಲ್ಲಿ ಏನು ಹೇಳಬಹುದು ಅನ್ನುವುದಕ್ಕೆ ಕಟ್ಟುನಿಟ್ಟಾದ ನಿಯಮವಿದೆ. ಹೆಸರು, ಲೋಗೋ, ಊರು, ಏನು ತಯಾರಿಸುತ್ತಾರೆ, ಇಷ್ಟು ಸರಿ. ಬೆಲೆ ಹೇಳುವಂತಿಲ್ಲ, ನಮ್ಮದೇ ಉತ್ತಮ ಅನ್ನುವಂತಿಲ್ಲ, ಇಂದೇ ಕೊಳ್ಳಿ ಅನ್ನುವಂತಿಲ್ಲ.

ಈ ದುಡ್ಡಿಗೂ ಬಿಸಿ ಇದೆ. ಬಾಸ್ಟನ್‌ನ ಡಬ್ಲ್ಯುಜಿಬಿಎಚ್ ಸ್ಟೇಷನ್ 1979ರಲ್ಲಿ ಡಾರ್ಚೆಸ್ಟರ್ ಬಡಾವಣೆಯ ಒಂದು ಹಾಳುಬಿದ್ದ ಮನೆ ಕೊಂಡು, ಅದರ ರಿಪೇರಿಯನ್ನೇ ವಾರವಾರ ತೋರಿಸಿತು. ಅದು 'ದಿಸ್ ಓಲ್ಡ್ ಹೌಸ್'. ನಿರೂಪಕ ಬಾಬ್ ವೀಲಾ ದೇಶಕ್ಕೆಲ್ಲ ಪರಿಚಿತರಾದರು. ಆಮೇಲೆ ಅವರು ರಿಕೆಲ್ ಎಂಬ ಕಟ್ಟಡ ಸಾಮಗ್ರಿ ಅಂಗಡಿಗಳ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಕಾರ್ಯಕ್ರಮದ ಪ್ರಾಯೋಜಕರಾಗಿದ್ದ ಹೋಮ್ ಡಿಪೋಗೆ ರಿಕೆಲ್ ಎದುರಾಳಿ. ಹೋಮ್ ಡಿಪೋ ಹಣ ನಿಲ್ಲಿಸಿತು, 1989ರಲ್ಲಿ ವೀಲಾ ಕೆಲಸ ಕಳೆದುಕೊಂಡರು. ಪರದೆಯ ಮೇಲೆ ಜಾಹೀರಾತು ಇಲ್ಲದ ಮಾತ್ರಕ್ಕೆ ವ್ಯಾಪಾರದ ಹಂಗು ಇಲ್ಲ ಅಂತಲ್ಲ. ಅದು ಗೊತ್ತಿದ್ದು ನೋಡುವುದು ಒಳ್ಳೆಯದು.

ಇದೇ ಬಾಸ್ಟನ್ ಸ್ಟೇಷನ್ ಈ ಬಗೆಯ ಕಾರ್ಯಕ್ರಮಗಳಿಗೆ ತವರು. 1962ರಲ್ಲಿ ಪುಸ್ತಕ ಪರಿಚಯದ ಕಾರ್ಯಕ್ರಮಕ್ಕೆ ಬಂದ ಜೂಲಿಯಾ ಚೈಲ್ಡ್ ತಮ್ಮ ಅಡುಗೆ ಪುಸ್ತಕದ ಬಗ್ಗೆ ಬರೀ ಮಾತಾಡದೆ, ಜೊತೆಗೆ ತಂದಿದ್ದ ಕರೆಂಟ್ ಒಲೆಯ ಮೇಲೆ ಅಲ್ಲೇ ಆಮ್ಲೆಟ್ ಮಾಡಿ ತೋರಿಸಿದರು. ಇನ್ನಷ್ಟು ಬೇಕು ಎಂದು ನೋಡುಗರ ಕಾಗದ ಬಂದವು. 1963ರ ಫೆಬ್ರುವರಿಯಲ್ಲಿ 'ದಿ ಫ್ರೆಂಚ್ ಶೆಫ್' ಶುರುವಾಯಿತು. ಸ್ಟೇಷನ್ನಿನ ಸ್ಟುಡಿಯೋ 1961ರ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಹಾಗಾಗಿ ಕೇಂಬ್ರಿಡ್ಜ್‌ನ ವಿದ್ಯುತ್ ಕಂಪನಿಯವರ ಪ್ರದರ್ಶನದ ಅಡುಗೆಮನೆಯಲ್ಲಿ ಚಿತ್ರೀಕರಣ. ಗಂಡ ಪಾಲ್ ಸಾಮಾನು ಹೊರುತ್ತಿದ್ದರು, ಪಾತ್ರೆ ತೊಳೆಯುತ್ತಿದ್ದರು. ಟೇಪು ಕತ್ತರಿಸಿ ಜೋಡಿಸುವ ಅನುಕೂಲ ಹೆಚ್ಚಿರಲಿಲ್ಲ, ಶುರುವಾದರೆ ಆದಷ್ಟೂ ಒಂದೇ ಉಸಿರಿಗೆ ಮುಗಿಸಬೇಕು. ಒಮ್ಮೆ ಬಾಣಲೆಯ ಆಲೂಗಡ್ಡೆಯನ್ನು ಎಗರಿಸಿ ಮಗುಚಲು ಹೋದಾಗ ಅರ್ಧ ಒಲೆಯ ಮೇಲೆ ಬಿತ್ತು. ಅವರು ಅದನ್ನು ಎತ್ತಿ ಬಾಣಲೆಗೆ ಹಾಕಿ, ಅಡುಗೆಮನೆಯಲ್ಲಿ ನೀವೊಬ್ಬರೇ ಇರುವಾಗ ಯಾರು ನೋಡುತ್ತಾರೆ ಅನ್ನುವ ಅರ್ಥದ ಮಾತು ಹೇಳಿ ಮುಂದುವರಿದರು. ಹೊಸದಾಗಿ ಅಡುಗೆ ಕಲಿಯುವವರಿಗೆ ಇದಕ್ಕಿಂತ ಧೈರ್ಯ ಕೊಡುವ ಪಾಠ ಇನ್ನೊಂದಿಲ್ಲ. ಜೂಲಿಯಾ ಯಾವ ಕಂಪನಿಯ ಸರಕಿಗೂ ತಮ್ಮ ಹೆಸರು ಕೊಡಲಿಲ್ಲ.

'ದಿ ಫ್ರೆಂಚ್ ಶೆಫ್' ನಿರ್ಮಾಪಕ ರಸೆಲ್ ಮೊರಾಶ್ ಅವರೇ ಮುಂದೆ 1975ರಲ್ಲಿ ಸ್ಟೇಷನ್ನಿನ ಪಕ್ಕದ ಜಾಗದಲ್ಲೇ ತರಕಾರಿ ಬೆಳೆಸಿ 'ವಿಕ್ಟರಿ ಗಾರ್ಡನ್' ತೋರಿಸಿದರು, ಆಮೇಲೆ ಮನೆ ರಿಪೇರಿಯದ್ದೂ ಅವರದೇ. ಇವರ ಕೆಲಸಗಳಲ್ಲಿ ಕಾಣುವ ನಿಧಾನಕ್ಕೆ ಜಾಹೀರಾತು ಇಲ್ಲದಿರುವುದು ದೊಡ್ಡ ಕಾರಣ. ಬ್ರೇಕ್ ಬಂದಾಗ ಚಾನೆಲ್ ಬದಲಿಸಿಬಿಡುತ್ತಾರೆ ಎಂಬ ಭಯವಿಲ್ಲ. ಹಾಗಾಗಿ ಈರುಳ್ಳಿ ಬಣ್ಣ ತಿರುಗುವವರೆಗೂ ಕ್ಯಾಮೆರಾ ಕಾಯುತ್ತದೆ.

ಸರ್ಕಾರದ ಹಣ ನಿಂತ ಮೇಲೆ ಏನಾಗುತ್ತಿದೆ ಅನ್ನುವುದಕ್ಕೆ ಒಂದು ಸಂಗತಿ. ಬಾಬ್ ರಾಸ್ ಕಂಪನಿ 2025ರ ಅಕ್ಟೋಬರ್‌ನಲ್ಲಿ ಅವರ 30 ಚಿತ್ರಗಳನ್ನು ಹರಾಜಿಗೆ ಕೊಟ್ಟಿತು. ಬರುವ ಹಣ ಸ್ಟೇಷನ್‌ಗಳು ಕಾರ್ಯಕ್ರಮಗಳಿಗೆ ಕಟ್ಟಬೇಕಾದ ಶುಲ್ಕಕ್ಕೆ. ನವೆಂಬರ್‌ನಲ್ಲಿ ಮಾರಾಟವಾದ ಮೊದಲ ಮೂರೇ ಚಿತ್ರಗಳಿಗೆ ಆರು ಲಕ್ಷ ಡಾಲರಿಗೂ ಹೆಚ್ಚು ಬಂತು.

ನಿಮ್ಮ ಮಗಳು ಕೈಲಾದಷ್ಟು ಕೊಡಬೇಕೆಂದಿದ್ದರೆ ತಮ್ಮ ಊರಿನ ಸ್ಟೇಷನ್ನಿಗೇ ಸದಸ್ಯರಾಗಲಿ. ಸಾಮಾನ್ಯವಾಗಿ ತಿಂಗಳಿಗೆ ಐದು ಡಾಲರಿನಿಂದ 'ಪಾಸ್‌ಪೋರ್ಟ್' ಎಂಬ ಸೌಲಭ್ಯ ಸಿಗುತ್ತದೆ, ಹಳೆಯ ಎಷ್ಟೋ ಕಾರ್ಯಕ್ರಮಗಳನ್ನು ಬೇಕಾದಾಗ ನೋಡಬಹುದು. ನಿಮಗೆ ಇಲ್ಲಿಂದಲೇ ನೋಡಬೇಕೆನಿಸಿದರೆ ಬಾಬ್ ರಾಸ್ ಮತ್ತು ರಿಕ್ ಸ್ಟೀವ್ಸ್ ಇಬ್ಬರ ಅಧಿಕೃತ ಯೂಟ್ಯೂಬ್ ಚಾನೆಲ್‌ಗಳಲ್ಲೂ ಪೂರ್ತಿ ಕಂತುಗಳಿವೆ. ಯೂಟ್ಯೂಬ್ ಆದ್ದರಿಂದ ಅಲ್ಲಿ ಜಾಹೀರಾತು ಬರಬಹುದು.